ರಸೀದಿ ನಂಬರಿಗೆ ‘ಸೀಕ್’ ಒಂದೇ ಸಾಕು

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಗಣಪತಿ ಹಬ್ಬ ಬಂತು ಅಂದ್ರೆ ವಂತಿಗೆ ರಸೀದಿ, ಅಡಿಕೆ ಸೀಸನ್ ಬಂತು ಅಂದ್ರೆ ಚೀಲಕ್ಕೆ ಕಟ್ಟುವ ಚೀಟಿ. ಎಲ್ಲಕ್ಕೂ ಸಾಲಾಗಿ ನಂಬರ್ ಬೇಕು. ಅದಕ್ಕೆ ನಾನು ಬಳಸುವುದು ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಮೊದಲೇ ಇರುವ ‘ಸೀಕ್’ ಕಮಾಂಡ್. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಎಸ್, ಇ, ಕ್ಯೂ ಅಂತ ಮೂರಕ್ಷರ ಹೊಡೆದು ಪಕ್ಕದಲ್ಲಿ 500 ಹಾಕಿ, ಒಂದರಿಂದ ಐನೂರರವರೆಗೆ ಸಾಲಿಗೊಂದರಂತೆ ಬಂದು ಬೀಳುತ್ತದೆ. ದುಡ್ಡಿಲ್ಲ, ನೆಟ್ಟೂ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದರೆ ಕೆಲಸ ನಿಲ್ಲುವುದಿಲ್ಲ, ಅದು ಸಣ್ಣ ಮಾತಲ್ಲ.

ನನಗೆ ತುಂಬಾ ಇಷ್ಟವಾದದ್ದು ಮೂರು ಸಂಖ್ಯೆ ಕೊಡುವ ರೀತಿ: ಶುರು, ಎಷ್ಟೆಷ್ಟು ಏರಬೇಕು, ಕೊನೆ. ನೂರು ಹಾಳೆಯ ಇಪ್ಪತ್ತು ರಸೀದಿ ಪುಸ್ತಕ ಅಂದುಕೊಳ್ಳಿ. ‘ಸೀಕ್ 1 100 2000’ ಅಂದರೆ 1, 101, 201 ಹೀಗೆ 1901ರವರೆಗೆ ಪ್ರತಿ ಪುಸ್ತಕದ ಮೊದಲ ನಂಬರ್ ಸಿಗುತ್ತದೆ. ‘ಸೀಕ್ 100 100 2000’ ಅಂದರೆ ಕೊನೆಯ ನಂಬರ್. ಎರಡನ್ನೂ ಬೇರೆ ಬೇರೆ ಫೈಲಿಗೆ ಹಾಕಿ ‘ಪೇಸ್ಟ್’ ಕಮಾಂಡಿನಲ್ಲಿ ಅಕ್ಕಪಕ್ಕ ಜೋಡಿಸಿದರೆ ರಟ್ಟಿನ ಮೇಲೆ ಹಾಕುವ ‘ಇಂದ, ವರೆಗೆ’ ಪಟ್ಟಿ ರೆಡಿ.

ಹೈಫನ್ ಡಬ್ಲ್ಯೂ ಸೇರಿಸಿದರೆ ಮುಂದೆ ಸೊನ್ನೆ ತುಂಬಿ ಎಲ್ಲ ನಂಬರನ್ನೂ ಒಂದೇ ಅಗಲಕ್ಕೆ ತರುತ್ತದೆ, 001 ಥರ. ಹೈಫನ್ ಎಸ್ ಹಾಕಿ ಅಲ್ಪವಿರಾಮ ಕೊಟ್ಟರೆ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತದೆ, ಬೆಸ ಪುಟ ಮಾತ್ರ ಪ್ರಿಂಟ್ ಮಾಡುವಾಗ ಒಂದರಿಂದ ಎರಡೆರಡು ಏರಿಸಿ ಹಾಗೇ ಕಾಪಿ ಮಾಡಿ ಹಾಕಬಹುದು. ಹೈಫನ್ ಎಫ್ ಇನ್ನೂ ಚೆನ್ನ. ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ‘ರಾಶಿ’ (ಅಡಿಕೆಯ ಒಂದು ಬಗೆ) ಅಂತ ಕನ್ನಡದಲ್ಲೇ ಬರೆದು, ಒಂದು ಗೆರೆ, ಶೇಕಡಾ ಚಿಹ್ನೆ, 04, ಕೊನೆಗೆ ಜಿ ಅಕ್ಷರ. ರಾಶಿ-0001, ರಾಶಿ-0002 ಅಂತ ಬರುತ್ತಾ ಹೋಗುತ್ತದೆ. ಬೆಟ್ಟೆ, ಗೊರಬಲು ಅನ್ನುವ ಬೇರೆ ಬಗೆಗಳಿಗೂ ಹೆಸರು ಬದಲಿಸಿದರೆ ಆಯಿತು.

ತಕರಾರು ಇಲ್ಲದಿಲ್ಲ. ಹೈಫನ್ ಡಬ್ಲ್ಯೂ, ಹೈಫನ್ ಎಫ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಪ್ಪುವುದಿಲ್ಲ. ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತವರು ಜಿ ಬದಲು ಡಿ ಬರೆದರೆ ಎರರ್. ಹತ್ತು ಲಕ್ಷ ಮುಟ್ಟಿದರೆ ಜಿ ಆ ನಂಬರನ್ನು 1ಇ+06 ಅಂತ ಬರೆದುಬಿಡುತ್ತದೆ, ಅಷ್ಟು ದೊಡ್ಡ ಕೆಲಸಕ್ಕೆ ಶೇಕಡಾ ಚಿಹ್ನೆಯ ಮುಂದೆ 04ಜಿ ಬದಲು ‘.0ಎಫ್’ ಹಾಕಿ. ಇನ್ನೊಂದು, ‘ಸೀಕ್ 10 1’ ಅಂದರೆ ಲಿನಕ್ಸ್‌ನಲ್ಲಿ ಏನೂ ಬರುವುದಿಲ್ಲ, ಎರರ್ ಕೂಡ ಇಲ್ಲ, ಸುಮ್ನೆ ಖಾಲಿ. ಇಳಿಯಬೇಕಾದರೆ ನಡುವೆ -1 ಹಾಕಲೇಬೇಕು. ಮ್ಯಾಕ್‌ನಲ್ಲಿ ಅದೇ ಕಮಾಂಡ್ ತಾನಾಗೇ ಇಳಿಯುತ್ತದೆ. ಹೆಸರು ಒಂದೇ, ನಡತೆ ಬೇರೆ ಅಂದ್ರೆ ಕಿರಿಕಿರಿ ಅಲ್ವಾ?

ವಿಂಡೋಸ್‌ನಲ್ಲಿ ಇದು ಬರುವುದಿಲ್ಲ. ಲಿನಕ್ಸ್ ಥರದ ಕಮಾಂಡ್‌ಗಳನ್ನು ವಿಂಡೋಸ್‌ಗೆ ತರುವ ಗಿಟ್ ಬ್ಯಾಷ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಅದರ ಜೊತೆಗೇ ಸಿಗುತ್ತದೆ, ನಮ್ಮಂಥ ಅಂಗಡಿಯವರಿಗೆ ಅದೇ ಸುಲಭದ ದಾರಿ.