ಹಸುಗೂಸಿನ ಫೋಟೊ: ಸ್ಟುಡಿಯೊ ಲೇಸೋ, ಮನೆ ಲೇಸೋ?

ಮಗಳು ಹುಟ್ಟಿದಾಗ ಮೈಸೂರಿನ ಸ್ಟುಡಿಯೊ ಒಂದಕ್ಕೆ ಹೋಗಿ ಫೋಟೊ ತೆಗೆಸಿದೆವು. ಮಗ ಹುಟ್ಟಿದಾಗ ಛಾಯಾಗ್ರಾಹಕಿಯನ್ನೇ ಮಂಡ್ಯದ ನನ್ನ ತವರಿಗೆ ಕರೆಸಿದೆವು. ಎರಡೂ ಆಲ್ಬಮ್ ನೋಡಿದ ಮೇಲೆ ನನ್ನ ಮತ ಮನೆಗೇ.

ಹಾಗೆಂದು ಸ್ಟುಡಿಯೊದ ಕೆಲಸ ಸಣ್ಣದಲ್ಲ. ಮೊದಲ ಎರಡು ವಾರ ಮಗು ಗಾಢವಾಗಿ ನಿದ್ರಿಸುತ್ತದೆ, ಕೈಕಾಲು ಮುದುರಿಕೊಂಡೇ ಇರುತ್ತದೆ. ಹಾಗಾಗಿ ಅವರು ಆ ದಿನಗಳನ್ನೇ ಕೇಳುತ್ತಾರೆ. ಕಣ್ರೆಪ್ಪೆ, ಭುಜದ ಮೇಲಿನ ನವಿರು ಕೂದಲು, ಸಿಪ್ಪೆ ಏಳುತ್ತಿರುವ ಪಾದ ಅಲ್ಲಿ ಸಿಕ್ಕಷ್ಟು ಚೆನ್ನಾಗಿ ಮನೆಯಲ್ಲಿ ಸಿಗಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಕೂತ ಮಗುವಿನ ಚಿತ್ರವನ್ನು ಮಾತ್ರ ಎಚ್ಚರದಿಂದ ಕೇಳಿ. ಒಮ್ಮೆ ತಲೆ, ಇನ್ನೊಮ್ಮೆ ಕೈ ಹಿಡಿದು ತೆಗೆದ ಎರಡು ಫೋಟೊಗಳನ್ನು ಜೋಡಿಸಿ ಅದನ್ನು ಮಾಡಬೇಕು. ಆಸರೆಯಿಲ್ಲದೆ ಕೂರಿಸುತ್ತೇವೆ ಎನ್ನುವವರ ಬಳಿ ಹೋಗಲೇಬೇಡಿ. ಹಸಿ ಬಾಣಂತಿ ಕಾರು ಹತ್ತಿ ಹೋಗಿ ಗಂಟೆಗಟ್ಟಲೆ ಕೂರುವುದೂ ಸುಲಭವಲ್ಲ. ಆ ಚಿತ್ರಗಳಲ್ಲಿ ನನ್ನ ಮುಖ ಬಾಡಿದೆ. ನನ್ನ ಅಮ್ಮ ಒಂದರಲ್ಲೂ ಇಲ್ಲ.

ಮನೆಯಲ್ಲಿ ಆತುರವೇ ಇರಲಿಲ್ಲ. ಹೊಕ್ಕುಳ ಬಳ್ಳಿ ಉದುರಿದ ಮೇಲೆಯೇ ಬನ್ನಿ ಎಂದೆವು. ಛಾಯಾಗ್ರಾಹಕಿ ಮೊದಲು ಟ್ಯೂಬ್‌ಲೈಟ್ ಆರಿಸಿ, ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದರು. ಎರಡು ಬಗೆಯ ಬೆಳಕು ಬೆರೆತರೆ ಮಗುವಿನ ಮೈಬಣ್ಣ ಕೆಡುತ್ತದೆಯಂತೆ. ಫ್ಲ್ಯಾಶ್ ಮುಟ್ಟಲಿಲ್ಲ. ಮಗು ಅತ್ತಾಗ ಕ್ಯಾಮೆರಾ ಕೆಳಗಿಟ್ಟು, ‘ಹಾಲು ಕುಡಿಯಲಿ, ಕಾಯೋಣ’ ಎಂದು ಕಾಫಿ ಕುಡಿಯುತ್ತ ಕೂತರು.

ಎಣ್ಣೆ ನೀರಿನ ಹೊತ್ತಿಗೆ ‘ಅಮ್ಮಾ, ನಿಮ್ಮ ಪಾಡಿಗೆ ನೀವು ನೀರು ಹಾಕಿ’ ಎಂದು ಬಚ್ಚಲುಮನೆಯ ಬಾಗಿಲಲ್ಲೇ ನಿಂತರು. ಅಮ್ಮ ಮಣೆಯ ಮೇಲೆ ಕೂತು, ನೀಡಿದ ಕಾಲುಗಳ ಮೇಲೆ ಮಗುವನ್ನು ಬೋರಲು ಮಲಗಿಸಿ, ಒಂದು ಅಂಗೈಯಲ್ಲಿ ಅದರ ಗದ್ದವನ್ನು ಎತ್ತಿ ಹಿಡಿದಿದ್ದಾರೆ. ನೆರಿಗೆಗಟ್ಟಿದ ಆ ಬೆರಳುಗಳ ಮೇಲೆ ಎಣ್ಣೆ ಮಿನುಗುತ್ತಿದೆ. ಇಡೀ ಆಲ್ಬಮ್‌ನಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಯಾವ ಸ್ಟುಡಿಯೊ ಇದನ್ನು ಕೊಟ್ಟೀತು? ಸಾಂಬ್ರಾಣಿ ಹೊಗೆಯಲ್ಲಿ ಬಿಸಿಲುಕೋಲು ಬಹಳ ಚೆಂದ ಕಾಣುತ್ತದೆ, ನಿಜ. ಆದರೆ ಎಳೆಯ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲವೆಂದು ಅದನ್ನು ಬೇಡವೆಂದೆವು.

ಹಸುಗೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದವರೆಗೆ ಮಾತ್ರ. ಹಾಗಾಗಿ ಛಾಯಾಗ್ರಾಹಕಿ ನನ್ನ ಯಜಮಾನರಿಗೆ ಕ್ಯಾಮೆರಾ ಮರೆತು ಮಗುವನ್ನು ಮುಖದ ಹತ್ತಿರ ಹಿಡಿದುಕೊಳ್ಳಲು ಹೇಳಿದರು. ಮಗು ನೆಟ್ಟ ನೋಟದಿಂದ ಅಪ್ಪನನ್ನೇ ನೋಡಿತು. ಅಕ್ಕ ನಡುವೆ ಬಂದು ತಮ್ಮನ ಮೂಗು ಮುಟ್ಟಿದಳು, ಯಾರೂ ತಡೆಯಲಿಲ್ಲ.

ಹಣ ಖರ್ಚು ಮಾಡಲಾಗದಿದ್ದರೆ ಮೊಬೈಲ್ ಸಾಕು. ನಡುರಾತ್ರಿಯ ಆಕಳಿಕೆ ಸಿಗುವುದು ಅದರಲ್ಲೇ. ಆದರೆ ತೆಗೆಯುವವಳು ತಾಯಿಯೇ ಆದರೆ ಚಿತ್ರದಲ್ಲಿ ತಾಯಿಯೇ ಇರುವುದಿಲ್ಲ. ಮೊಬೈಲನ್ನು ತಂಗಿಯ ಕೈಗೆ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲ ಪ್ರತಿಯನ್ನು ಬೇರೆಡೆಯೂ ಉಳಿಸಿಕೊಳ್ಳಿ.