ಮರುಬಳಕೆ ಕೇಂದ್ರಕ್ಕೆ ಹಳೆಯ ಬ್ಯಾಟರಿ ಒಯ್ಯುವವರು ಗಮನಿಸಬೇಕಾದದ್ದು

ರಟ್ಟು, ಗಾಜಿನ ಬಾಟಲಿ, ಹಳೆಯ ಮೊಬೈಲುಗಳಿಂದ ತೆಗೆದ ಬ್ಯಾಟರಿ ಇವೆಲ್ಲವನ್ನೂ ಬೇರೆಬೇರೆ ಚೀಲಗಳಲ್ಲಿ ತುಂಬಿ, ಒಳಗೇನಿದೆ ಎಂದು ಮೇಲೆ ಬರೆದು, ಇತ್ತೀಚೆಗೆ ಒಂದು ಮರುಬಳಕೆ ಕೇಂದ್ರಕ್ಕೆ ಒಯ್ದಿದ್ದೆ. ಅಲ್ಲಿನ ಸಿಬ್ಬಂದಿ ಬರಹವನ್ನು ಓದುವ ಗೋಜಿಗೂ ಹೋಗದೆ, ವಿಂಗಡಣೆಯನ್ನು ತಾವೇ ಮಾಡಿಕೊಳ್ಳುವುದಾಗಿ ಹೇಳಿ, ಬ್ಯಾಟರಿಯ ಚೀಲವನ್ನೂ ರಟ್ಟಿನ ರಾಶಿಯ ಮೇಲೆ ಎಸೆದರು. ನನ್ನ ಆಕ್ಷೇಪ ಮುಗಿಯುವ ಮೊದಲೇ ರಾಶಿ ಒತ್ತುಯಂತ್ರದೊಳಗೆ ಹೋಗಿತ್ತು. ಸ್ವಲ್ಪ ಹೊತ್ತಿನಲ್ಲೇ ಕಟುವಾಸನೆಯ ಹೊಗೆ ಎದ್ದು ರಟ್ಟಿಗೆ ಬೆಂಕಿ ಹತ್ತಿತು. ಯಾರಿಗೂ ಗಾಯವಾಗಲಿಲ್ಲ; ಬೈಗುಳ ಮಾತ್ರ, ವಿಚಿತ್ರವೆಂಬಂತೆ, ನನ್ನ ಪಾಲಿಗೆ ಬಂತು.

ಮೊಬೈಲುಗಳಲ್ಲಿರುವಂಥ ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಧನ ಮತ್ತು ಋಣ ಪದರಗಳನ್ನು ಬೇರ್ಪಡಿಸುವುದು ತೀರಾ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ. ಜಜ್ಜಿದಾಗ ಅದು ಹರಿದು, ಪದರಗಳು ಒಂದಕ್ಕೊಂದು ತಗುಲಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅದರಿಂದ ಏಳುವ ಬಿಸಿ ಒಳಗಿನ ರಾಸಾಯನಿಕ ಕ್ರಿಯೆಗಳನ್ನು ಕೆರಳಿಸಿ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ, ಸುಲಭವಾಗಿ ಉರಿಯುವ ದ್ರಾವಣಕ್ಕೆ ಬೆಂಕಿ ಹತ್ತುತ್ತದೆ. ಆರಿತೆಂದುಕೊಂಡ ಮೇಲೂ ಅದು ಮತ್ತೆ ಹೊತ್ತಿಕೊಳ್ಳಬಹುದು. ಫೋನನ್ನು ನಡೆಸಲಾರದಷ್ಟು ಸೋತ ಬ್ಯಾಟರಿಯಲ್ಲಿಯೂ ಇದಕ್ಕೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ.

ಆದ್ದರಿಂದ ಚೀಲವನ್ನು ಕೈಬಿಡುವ ಮೊದಲು ಬ್ಯಾಟರಿಗೆ ಪ್ರತ್ಯೇಕ ಡಬ್ಬವಿದೆಯೇ ಎಂದು ಕೇಳಿ, ಅದನ್ನು ಕಣ್ಣಾರೆ ನೋಡಿ, ನೀವೇ ಅದರೊಳಗೆ ಇಡಿ. ಮನೆಯಿಂದ ಹೊರಡುವಾಗಲೇ ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿರಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೇಡ. ಅದನ್ನು ಸ್ವೀಕರಿಸುತ್ತಾರೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡುವುದು ಲೇಸು. ಪವರ್ ಬ್ಯಾಂಕ್, ತಂತಿಯಿಲ್ಲದ ಇಯರ್‌ಫೋನ್, ಮಕ್ಕಳ ಆಟಿಕೆ, ಚಾರ್ಜ್ ಮಾಡುವ ಹಲ್ಲುಜ್ಜುವ ಬ್ರಷ್ ಇವುಗಳೊಳಗೂ ಬ್ಯಾಟರಿ ಅಡಗಿರುತ್ತದೆ, ಮತ್ತು ಪ್ಲಾಸ್ಟಿಕ್ಕಿನ ತೊಟ್ಟಿಗೆ ಹೆಚ್ಚಾಗಿ ಬೀಳುವುದು ಇಂಥವೇ. ಸಿಎಫ್ಎಲ್ ಬಲ್ಬುಗಳಲ್ಲಿ ಪಾದರಸವಿರುವುದರಿಂದ ಅವನ್ನೂ ಗಾಜಿನೊಂದಿಗೆ ಸೇರಿಸಲು ಬಿಡಬಾರದು.

ಎಲ್ಲವನ್ನೂ ಒಂದೇ ಕಡೆ ಸುರಿಯಿರಿ ಎಂದು ಕೇಂದ್ರದವರು ಹೇಳಿದರೆ, ಎಷ್ಟೇ ಸಂಕೋಚವೆನಿಸಿದರೂ, ಬ್ಯಾಟರಿಗಳನ್ನು ಹಿಂದಕ್ಕೆ ತನ್ನಿ. ಇ-ತ್ಯಾಜ್ಯವನ್ನು ಪ್ರತ್ಯೇಕವಾಗಿ ಪಡೆಯುವ ಸ್ಥಳ ಸಿಗುವವರೆಗೆ ಅವನ್ನು ಕಾಗದ, ಬಟ್ಟೆಗಳಿಂದ ದೂರವಾಗಿ, ಬಿಸಿಲು ತಾಗದ ಒಣಜಾಗದಲ್ಲಿ ಇರಿಸಿಕೊಳ್ಳಿ.