ಭಾಷಾ ಬ್ಲಾಕಿನಲ್ಲಿ ಏಳು ಮಳೆಗಾಲ

ಡಿಗ್ರಿಗೆ ಮೂರು ವರ್ಷ, ಎಂಎಗೆ ಎರಡು, ಈಗ ಅಲ್ಲೇ ಗೆಸ್ಟ್ ಲೆಕ್ಚರರ್ ಆಗಿ ಎರಡನೇ ವರ್ಷ. ಕಾಸರಗೋಡು ಕಡೆಯ ಈ ಕಾಲೇಜಿನ ಭಾಷಾ ಬ್ಲಾಕಿಗೆ ಹೊಸದಾಗಿ ಸೇರುವ ಮಕ್ಕಳು "ಕಟ್ಟಡ ಹೇಗುಂಟು ಸರ್?" ಅಂತ ಕೇಳ್ತಾರೆ. ಐದಕ್ಕೆ ಮೂರೂವರೆ ಕೊಡ್ತೇನೆ.

ಒಂದೂವರೆ ಹೋದದ್ದು ಮಳೆಗೆ. ಗೋಡೆ ಗಟ್ಟಿ ಕೆಂಪುಕಲ್ಲಿನದು, ಅದಕ್ಕೆ ಹೆಸರಿಡುವ ಹಾಗಿಲ್ಲ. ಸೋರುವುದು ತಾರಸಿ. ಮೇಲಂತಸ್ತಿನ ಕೊನೆಯ ಕೋಣೆಯಲ್ಲಿ ನಾನು ಮೊದಲ ವರ್ಷದಲ್ಲಿದ್ದಾಗ ಇಟ್ಟ ನೀಲಿ ಬಕೆಟ್ ಈಗಲೂ ಇದೆ. ಹಿಡಿ ಮುರಿದು ಅಲ್ಲಿಗೆ ನೈಲಾನ್ ಹಗ್ಗ ಬಂದಿದೆ, ಅಷ್ಟೇ ಅಭಿವೃದ್ಧಿ. ಮೂರು ಅರ್ಜಿ ಕೊಟ್ಟೆವು, ಎರಡು ಕನ್ನಡದಲ್ಲಿ, ಒಂದು ಮಲಯಾಳದಲ್ಲಿ. ಮಲಯಾಳದ್ದಕ್ಕೆ ಉತ್ತರ ಬಂತು. ಮೇಸ್ತ್ರಿ ಬರಲಿಲ್ಲ.

ಕನ್ನಡದ ಕ್ಲಾಸಿಗೂ ಮಲಯಾಳದ ಕ್ಲಾಸಿಗೂ ನಡುವೆ ಇರುವುದು ಪ್ಲೈವುಡ್ ತಡಿಕೆ. ನಾವು ರಗಳೆ ಓದುತ್ತಿದ್ದರೆ ಅವರಿಗೆ ರಗಳೆ, ಅವರು ತುಳ್ಳಲ್ (ಕೇರಳದ ಕುಣಿತದ ಹಾಡು) ಹಾಡಿದರೆ ನಮ್ಮ ಹುಡುಗರ ಕಾಲು ಬೆಂಚಿನಡಿ ಕುಣಿಯುತ್ತದೆ. ಶುರುವಿನಲ್ಲಿ ನನಗೂ ತಲೆಚಿಟ್ಟು ಹಿಡಿದಿತ್ತು. ಆದರೆ ಹಳಗನ್ನಡದ 'ೞ' ನನ್ನ ಬಾಯಿಗೆ ಬಂದದ್ದು ಆ ತಡಿಕೆಯಿಂದಲೇ. ನಮ್ಮ ಮೇಷ್ಟ್ರು ಬೋರ್ಡಿನಲ್ಲಿ 'ಮೞೆ', 'ಕೋೞಿ' ಬರೆದು ನಾಲಗೆ ಎಲ್ಲಿಡಬೇಕೆಂದು ವಿವರಿಸುತ್ತಿದ್ದರು; ನಾವೆಲ್ಲ 'ಮಳೆ', 'ಕೋಳಿ' ಅಂತಲೇ ಹೇಳುತ್ತಿದ್ದೆವು. ಅಷ್ಟರಲ್ಲಿ ಆಚೆ ಯಾರೋ ಹುಡುಗಿ ಕಿಟಕಿಯ ಹತ್ತಿರ "ಮೞ! ಮೞ!" ಅಂತ ಕೂಗಿದಳು. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು, "ಅಗೋ, ಅದೇ" ಅಂದರು. ಕನ್ನಡ ಎಂದೋ ಬಿಟ್ಟ ಅಕ್ಷರ ಪಕ್ಕದ ಕೋಣೆಯಲ್ಲಿ ದಿನಬಳಕೆಯಲ್ಲಿತ್ತು.

ಲೈಬ್ರರಿ ಕೋಣೆ ಸಣ್ಣದು, ಒಂದೇ ಫ್ಯಾನು, ಜುಲೈ ಬಂತೆಂದರೆ ಪುಸ್ತಕಕ್ಕೆ ಬೂಷ್ಟು. ಆದರೂ ಮೂರನೇ ಕಪಾಟನ್ನು ನೋಡದೆ ಹೋಗಬೇಡಿ. 1872ರ ಗುಂಡರ್ಟರ ಮಲಯಾಳ ನಿಘಂಟು, 1886ರ ಮ್ಯಾನರರ ತುಳು ನಿಘಂಟು, 1894ರ ಕಿಟೆಲರ ಕನ್ನಡ ನಿಘಂಟು, ಮೂರರ ಮರುಮುದ್ರಣವೂ ಒಂದೇ ಸಾಲಿನಲ್ಲಿವೆ. ಮೂರೂ ಮೊದಲು ಅಚ್ಚಾದದ್ದು ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ತುಳುವಿನದರಲ್ಲಿ ಕೋಳಿ 'ಕೋರಿ' ಆಗುತ್ತದೆ. ಮಳೆ ಮಾತ್ರ ದಾರಿ ಬದಲಿಸಿ 'ಬರ್ಸ'. ಕಪಾಟಿನ ಕೀಲಿಕೈ ಆಫೀಸಿನಲ್ಲಿರುತ್ತದೆ, ಊಟದ ಹೊತ್ತಿಗೆ ಕೇಳಬೇಡಿ.

ಜೂನಿನಲ್ಲಿ ಸೇರುವವರು ಬಾಗಿಲ ಬದಿಯ ಬೆಂಚು ಹಿಡಿಯಿರಿ. ಕೊನೆಯ ಕೋಣೆ ಸಿಕ್ಕಿತೋ, ತಡಿಕೆಗೆ ತಾಗಿ ಕೂರಿ; ಅಲ್ಲಿ ಸೋರುವುದಿಲ್ಲ.